ಹಳೆಯ ಹೆವಿ ಮೆಟಲ್ ಸದ್ದು ಬೇಕೆ? ಗೇನ್ ಇಳಿಸಿ, ಮಿಡ್ ಏರಿಸಿ

ಪ್ರಶ್ನೆ: ಸರ್, ದಾವಣಗೆರೆ ವಿದ್ಯಾನಗರದ ಐದು ಜನ ಗೆಳೆಯರು ಸೇರಿ ಬ್ಯಾಂಡ್ ಕಟ್ಟಿದ್ದೇವೆ. ಎನ್‌ಫೋರ್ಸರ್, ನೈಟ್ ಡೀಮನ್‌ನಂಥ ಈಗಿನ ಬ್ಯಾಂಡ್‌ಗಳು ತರುತ್ತಿರುವ ಎಂಬತ್ತರ ದಶಕದ ಸದ್ದು ನಮಗೂ ಬೇಕು. ಪ್ರೊಸೆಸರ್‌ನಲ್ಲಿ (ಗಿಟಾರ್ ಸದ್ದು ಬದಲಿಸುವ ಪೆಟ್ಟಿಗೆ) ‘ಮೆಟಲ್’ ಅಂತ ಇರುವ ಪ್ಯಾಚ್, ಅಂದರೆ ಸಿದ್ಧ ಸೆಟ್ಟಿಂಗ್, ಹಾಕಿದರೆ ಮನೆಯಲ್ಲಿ ಭರ್ಜರಿಯಾಗಿ ಕೇಳುತ್ತದೆ. ಡ್ರಮ್ಸ್ ಶುರುವಾಯಿತೆಂದರೆ ಗಿಟಾರ್ ಎಲ್ಲಿ ಹೋಯಿತು ಅಂತ ಹುಡುಕಬೇಕು. ತಪ್ಪೆಲ್ಲಿದೆ?

ಉತ್ತರ: ತಪ್ಪು ಆ ಪ್ಯಾಚಿನಲ್ಲೇ ಇದೆ. ಅಂಥವುಗಳಲ್ಲಿ ಗೇನ್ (ಸದ್ದನ್ನು ಒರಟಾಗಿಸುವ ಪ್ರಮಾಣ) ಮಿತಿಮೀರಿ ಇರುತ್ತದೆ, ಮಿಡ್ (ನಡುವಿನ ಕಂಪನಾಂಕದ ಸದ್ದು) ಪೂರ್ತಿ ಇಳಿದಿರುತ್ತದೆ. ಒಬ್ಬರೇ ನುಡಿಸುವಾಗ ಅದು ಕಿವಿ ತುಂಬುತ್ತದೆ. ಬ್ಯಾಂಡಿನಲ್ಲಿ ಹಾಗಲ್ಲ. ಕೆಳಗಿನ ಜಾಗ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್‌ನದು, ಮೇಲಿನದು ಸಿಂಬಲ್‌ಗಳದು. ಗಿಟಾರಿನ ಪಾಲಿಗೆ ಬರುವುದು ಹೆಚ್ಚುಕಡಿಮೆ 500ರಿಂದ 2,000 ಹರ್ಟ್ಜ್. ಅದನ್ನೇ ತೆಗೆದುಬಿಟ್ಟರೆ ಕೇಳಿಸಲು ಏನೂ ಉಳಿಯುವುದಿಲ್ಲ.

ಪ್ಯಾಚನ್ನು ಖಾಲಿಯಿಂದ ಕಟ್ಟಿ. ಮಾರ್ಷಲ್ ಜೆಸಿಎಂ 800 ಮಾದರಿಯ ಆಂಪ್ ಆರಿಸಿಕೊಳ್ಳಿ. ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ ‘ಬ್ರಿಟಿಷ್’ ಅಥವಾ ‘800’ ಎಂದಿರುತ್ತದೆ. ಹತ್ತರ ಅಳತೆಯಲ್ಲಿ ಗೇನ್ 5, ಬೇಸ್ 4, ಮಿಡ್ 7, ಟ್ರೆಬಲ್ 6. ಅದರ ಮುಂದೆ ಟ್ಯೂಬ್ ಸ್ಕ್ರೀಮರ್ ಪೆಡಲ್ ಮಾದರಿಯ ಓವರ್‌ಡ್ರೈವ್ ಎಫೆಕ್ಟ್ ಇಡಿ: ಡ್ರೈವ್ ಸೊನ್ನೆಯ ಹತ್ತಿರ, ಟೋನ್ 5, ಲೆವೆಲ್ 8. ಅದು ಕೆಳಗಿನ ಗುಡುಗನ್ನು ಆಂಪಿಗೆ ಹೋಗುವ ಮೊದಲೇ ಕತ್ತರಿಸುತ್ತದೆ, ಹಾಗಾಗಿ ಪಾಮ್ ಮ್ಯೂಟ್ (ಅಂಗೈ ಅಂಚನ್ನು ತಂತಿಗೆ ತಾಗಿಸಿ ನುಡಿಸುವುದು) ಬಿಗಿಯಾಗಿ ಬರುತ್ತದೆ. ಪರೀಕ್ಷೆ ಸುಲಭ: ಇ ಮೈನರ್ ಕಾರ್ಡ್‌ನ ಆರೂ ತಂತಿಗಳನ್ನು ನಿಧಾನವಾಗಿ ಮೀಟಿ. ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳಿದರೆ ಗೇನ್ ಸರಿಯಿದೆ. ಎಲ್ಲ ಕಲಸಿಕೊಂಡು ಒಂದೇ ಗದ್ದಲವಾದರೆ ಇನ್ನೂ ಇಳಿಸಿ.

ಕ್ಯಾಬ್ ಸಿಮ್ಯುಲೇಶನ್ (ಸ್ಪೀಕರ್ ಪೆಟ್ಟಿಗೆಯ ಸದ್ದಿನ ಅನುಕರಣೆ) ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ನೇರ ಮಿಕ್ಸರ್‌ಗೆ ಹಾಕುವುದಾದರೆ ಅದು ಆನ್ ಇರಲೇಬೇಕು, ಇಲ್ಲದಿದ್ದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್‌ಗುಡುತ್ತದೆ. ಗಿಟಾರ್ ಆಂಪಿಗೆ ಹಾಕುವಾಗ ಆಫ್ ಮಾಡಿ, ಇಲ್ಲದಿದ್ದರೆ ಸದ್ದು ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ.

ಟ್ಯೂನಿಂಗ್ ಇ ಸ್ಟ್ಯಾಂಡರ್ಡ್‌ನಲ್ಲೇ (ಗಿಟಾರಿನ ಮಾಮೂಲಿ ಶ್ರುತಿ) ಇರಲಿ. ಐರನ್ ಮೇಡನ್, 1980ರ ಸುಮಾರಿನ ಜೂಡಾಸ್ ಪ್ರೀಸ್ಟ್ ಹಾಡುಗಳ ಆ ಚುರುಕು ಬಿಗಿಯಾದ ತಂತಿಯಿಂದ ಬಂದದ್ದು. ತಂತಿ ಇಳಿಸಿ ‘ಹೆವಿ’ ಮಾಡಲು ಹೋದರೆ ಬೇಸ್ ಗಿಟಾರಿನ ಜಾಗಕ್ಕೆ ನುಗ್ಗುತ್ತೀರಿ. 9–42 ಅಥವಾ 10–46 ದಪ್ಪದ ತಂತಿಗಳ ಸೆಟ್ ಸಾಕು.

ಇನ್ನು ಬೇಸ್. ಅಮೆರಿಕದ ವೆಂಚುರಾದ ನೈಟ್ ಡೀಮನ್ 2011ರಲ್ಲಿ ಶುರುವಾದದ್ದೇ ಮೂವರ ಬ್ಯಾಂಡ್ ಆಗಿ. ಅಲ್ಲಿ ಗಿಟಾರ್ ಸೋಲೋಗೆ ಹೊರಟಾಗ ಹಾಡನ್ನು ಹೊರುವುದು ಬೇಸ್, ಅದನ್ನೊಂದೇ ಗಮನವಿಟ್ಟು ಕೇಳಿ. ಸ್ವೀಡನ್ನಿನ ಎನ್‌ಫೋರ್ಸರ್‌ನ (2004) ವೇಗಕ್ಕೆ ಮಾರುಹೋಗುವ ಮೊದಲು ಅವರ ರಿದಂ ಗಿಟಾರ್ ಎಷ್ಟು ತೆಳ್ಳಗೆ, ಎಷ್ಟು ಸ್ಪಷ್ಟವಾಗಿದೆ ನೋಡಿ. ನಮ್ಮ ಬೆಂಗಳೂರಿನ ಕ್ರಿಪ್ಟೋಸ್ (1998) ನಿಮಗೆ ಇನ್ನೂ ಹತ್ತಿರದ ಪಾಠ: ಹಾಡುವ ದನಿ ಗೊಗ್ಗರು, ಆದರೆ ಎರಡು ಗಿಟಾರುಗಳ ನಡೆ ಅಪ್ಪಟ ಹಳೆಯ ಹೆವಿ ಮೆಟಲ್. ಈ ಮೂರರಲ್ಲಿ ಒಂದನ್ನೇ ಆರಿಸಿ ಎಂದರೆ ನನ್ನ ಆಯ್ಕೆ ಕ್ರಿಪ್ಟೋಸ್.

ಪ್ರಶ್ನೆ: ಚಿತ್ರದುರ್ಗದಲ್ಲಿ ನಾವಿಬ್ಬರು ಗಿಟಾರಿಸ್ಟ್‌ಗಳು ಜೋಡಿ ಹಾರ್ಮನಿ ಅಭ್ಯಾಸ ಮಾಡುತ್ತಿದ್ದೇವೆ. ಒಬ್ಬ ನುಡಿಸಿದ ಸ್ವರಕ್ಕಿಂತ ಇನ್ನೊಬ್ಬ ಮೂರು ಫ್ರೆಟ್ (ಗಿಟಾರ್ ಕುತ್ತಿಗೆಯ ಮನೆ) ಮೇಲೆ ನುಡಿಸುತ್ತಾನೆ. ಕೆಲವು ಕಡೆ ಚೆಂದ, ಕೆಲವು ಕಡೆ ಅಪಸ್ವರ. ಗ್ಯಾಲಪ್ ರಿದಂ (ಕುದುರೆ ಓಟದಂಥ ಲಯ) ಕೂಡ ಕುಂಟುತ್ತದೆ.

ಉತ್ತರ: ಲೆಕ್ಕ ಇಡಬೇಕಾದದ್ದು ಫ್ರೆಟ್‌ಗಳನ್ನಲ್ಲ, ಸ್ವರಗಳನ್ನು. ಈ ಶೈಲಿಯ ಬಹುಪಾಲು ಹಾಡುಗಳ ನ್ಯಾಚುರಲ್ ಮೈನರ್ ಎಂದರೆ ನಮ್ಮ 20ನೇ ಮೇಳಕರ್ತ ನಟಭೈರವಿಯ ಸ್ವರಗಳೇ. ಇ ಷಡ್ಜ ಎಂದಿಟ್ಟುಕೊಳ್ಳಿ. ಮೊದಲ ಗಿಟಾರ್ ಸ ನುಡಿಸಿದರೆ ಎರಡನೆಯದು ಗ, ರಿಗೆ ಮ, ಗಕ್ಕೆ ಪ, ಹೀಗೆ ನಡುವೆ ಒಂದು ಸ್ವರ ಬಿಟ್ಟು ಸಾಗಬೇಕು. ಸ, ರಿ, ಮ, ಪ ಇವಕ್ಕೆ ಮೂರು ಫ್ರೆಟ್ ಸರಿ. ಗ, ದ, ನಿ ಬಂದಾಗ ನಾಲ್ಕು ಫ್ರೆಟ್ ಬೇಕು. ನಿಮ್ಮ ಅಪಸ್ವರ ಬರುತ್ತಿರುವುದು ಈ ಮೂರು ಜಾಗಗಳಲ್ಲೇ. ತಂತಿ ಬೆಂಡ್ ಮಾಡುವಾಗಲೂ (ಬದಿಗೆ ಎಳೆದು ಸ್ವರ ಏರಿಸುವಾಗಲೂ) ಇದೇ ಲೆಕ್ಕ: ರಿಯಿಂದ ಗಕ್ಕೆ ಒಬ್ಬ ಅರ್ಧ ಸ್ವರ ಎಳೆದರೆ, ಮದಿಂದ ಪಕ್ಕೆ ಹೋಗುವ ಇನ್ನೊಬ್ಬ ಪೂರ್ತಿ ಸ್ವರ ಎಳೆಯಬೇಕು. ಇಬ್ಬರ ವೈಬ್ರಾಟೊ (ಸ್ವರದ ನಡುಕ) ಒಂದೇ ವೇಗದಲ್ಲಿರಲಿ. ಎರಡೂ ಗಿಟಾರನ್ನು ಒಂದೇ ಆಂಪಿಗೆ ಮಾತ್ರ ಹಾಕಬೇಡಿ, ಡಿಸ್ಟಾರ್ಶನ್ನಿನಲ್ಲಿ ಎರಡು ಸ್ವರ ಬೆರೆತು ಮೂರನೆಯದೇ ಗೊರಗೊರ ಹುಟ್ಟುತ್ತದೆ.

ಗ್ಯಾಲಪ್‌ಗೆ ‘ತಕದಿಮಿ’ ಹೇಳಿಕೊಂಡು ‘ಕ’ವನ್ನು ನುಂಗಿ: ತ – ದಿ ಮಿ, ತ – ದಿ ಮಿ. ತ ಮತ್ತು ದಿ ಕೆಳಹೊಡೆತ, ಮಿ ಮೇಲ್ಹೊಡೆತ. ನುಂಗಿದ ‘ಕ’ದಲ್ಲೂ ಕೈ ತಂತಿ ತಾಗದೆ ಮೇಲಕ್ಕೆ ಹೋಗಲೇಬೇಕು; ಅಲ್ಲಿ ಕೈ ನಿಂತರೆ ಲಯ ಜಾರಿ ‘ತಕಿಟ’ವಾಗುತ್ತದೆ. ಕುಂಟುವುದೆಂದರೆ ಇದೇ. ಮೆಟ್ರೊನೋಮ್ (ತಾಳ ಹಿಡಿಯುವ ಸಾಧನ) ನಿಮಿಷಕ್ಕೆ 90 ಬಡಿತಕ್ಕೆ ಇಟ್ಟು, ಎರಡು ನಿಮಿಷ ತಪ್ಪಿಲ್ಲದೆ ಬಂದ ಮೇಲಷ್ಟೇ ಐದೈದಾಗಿ ಏರಿಸಿ.

ಪ್ರಶ್ನೆ: ಶಾಮಿಯಾನ ಹಾಕಿದ ವೇದಿಕೆಯಲ್ಲಿ ಗಿಟಾರ್ ಹಿಡಿದು ಹಾಡುವಾಗ ಮೈಕ್ ತುಟಿಗೆ ತಾಗಿದರೆ ಶಾಕ್ ಹೊಡೆಯುತ್ತದೆ. ಹೆದರಬೇಕೆ?

ಉತ್ತರ: ಖಂಡಿತ ಹೆದರಬೇಕು. ಗಿಟಾರ್ ತಂತಿ ಆಂಪಿನ ಅರ್ಥ್‌ಗೆ, ಮೈಕಿನ ಜಾಲರಿ ಮಿಕ್ಸರಿನ ಅರ್ಥ್‌ಗೆ ಸೇರಿರುತ್ತವೆ. ಎರಡರಲ್ಲಿ ಒಂದಕ್ಕೆ ಅರ್ಥಿಂಗ್ ಇಲ್ಲದಿದ್ದರೆ ಕರೆಂಟ್ ನಿಮ್ಮ ಮೈಯೊಳಗಿಂದ ದಾಟುತ್ತದೆ. ಹಾಡುವ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟೇಜ್‌ಗೆ ಇಟ್ಟು, ಒಂದು ಕಡ್ಡಿ ತಂತಿಗೆ, ಇನ್ನೊಂದು ಜಾಲರಿಗೆ ತಾಗಿಸಿ. ಒಂದೆರಡು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ನುಡಿಸಬೇಡಿ. ಆಂಪ್, ಪ್ರೊಸೆಸರ್, ಮಿಕ್ಸರ್ ಎಲ್ಲವೂ ಅರ್ಥ್ ಇರುವ ಒಂದೇ ಬೋರ್ಡ್‌ನಿಂದ ಬರಲಿ, ಆ ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲಿ. ಗುಂಯ್ ಸದ್ದು ಹೋಗಲಿ ಅಂತ ಪ್ಲಗ್ಗಿನ ದಪ್ಪ ಪಿನ್ ಕೀಳುವವರಿದ್ದಾರೆ. ಯಾರು ಹೇಳಿದರೂ ಹಾಗೆ ಕೀಳಲು ಬಿಡಬೇಡಿ. ಜನರೇಟರ್ ಇದ್ದರೆ ಅರ್ಥ್ ಸಲಾಕೆ ಎಲ್ಲಿ ನೆಟ್ಟಿದ್ದಾರೆ ಅಂತ ನೀವೇ ಹೋಗಿ ನೋಡಿ. ಚಿತ್ರದುರ್ಗದಂಥ ಕಲ್ಲುನೆಲದಲ್ಲಿ ಅದು ಗೇಣುದ್ದವೂ ಇಳಿಯದೆ ಒಣಮಣ್ಣಿನಲ್ಲಿ ನಿಂತಿದ್ದರೆ ಇದ್ದೂ ಇಲ್ಲದ ಹಾಗೆ. ಅಂಥ ಕಡೆ ಎಲೆಕ್ಟ್ರಿಶಿಯನ್ ಬಂದು ಸರಿಮಾಡುವವರೆಗೆ ವೇದಿಕೆ ಹತ್ತಬೇಡಿ.