ಗೆಲುವಿನ ಪಟ್ಟಿಯೊಳಗೆ ಕಳೆದುಹೋದ ಹತ್ತು ವರ್ಷ

ಆತ್ಮೀಯರಿಗೆ,

ನಮಸ್ಕಾರಗಳು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ನಾಲ್ಕು ದಶಕಗಳ ಕಾಲ ಪುರುಷರ ಫುಟ್‌ಬಾಲ್ (ಅಲ್ಲಿಯವರ ‘ಸಾಕರ್’) ತಂಡದ ಮುಖ್ಯ ತರಬೇತುದಾರರಾಗಿದ್ದ ಜೆರ್ರಿ ಯೇಗ್ಲಿ ಅವರನ್ನು ಕುರಿತು ನೀವು ಕಳುಹಿಸಿದ ‘ಮೈದಾನದ ಮಹರ್ಷಿ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾಗದು. ಆದರೆ ವಸ್ತು ಗಟ್ಟಿಯಾಗಿದೆ, ಆ ವಿಶ್ವವಿದ್ಯಾಲಯವಿರುವ ಬ್ಲೂಮಿಂಗ್ಟನ್ ಊರಿನಲ್ಲಿ ಎರಡು ವರ್ಷ ಓದಿದ ನಿಮಗೆ ಅದನ್ನು ಬರೆಯುವ ಅಧಿಕಾರವೂ ಇದೆ; ಆದ್ದರಿಂದ ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಮೊದಲು ಶೀರ್ಷಿಕೆಯ ವಿಷಯ. ‘ಮಹರ್ಷಿ’ ಎಂದು ಕರೆದ ಕೂಡಲೇ ಲೇಖನದ ಗತಿ ನಿರ್ಧಾರವಾಗಿಬಿಟ್ಟಿತು. ಮುಂದಿನ ಎಂಟು ಪುಟಗಳುದ್ದಕ್ಕೂ ನೀವು ಬರೆದಿರುವುದು, ಶಾಲು ಹೊದಿಸಿ ಹಾರ ಹಾಕುವ ಮುನ್ನ ವೇದಿಕೆಯ ಮೇಲೆ ಓದುವ ಬಿನ್ನವತ್ತಳೆಯೇ ಹೊರತು ಒಬ್ಬ ಮನುಷ್ಯನ ವೃತ್ತಿಯ ಕಥೆಯಲ್ಲ. ಆರು ರಾಷ್ಟ್ರೀಯ ಪ್ರಶಸ್ತಿಗಳು (1982, 1983, 1988, 1998, 1999, 2003), 544 ಗೆಲುವು, 101 ಸೋಲು, 45 ಡ್ರಾ, ಹಾಲ್ ಆಫ್ ಫೇಮ್ ಗೌರವ, ಇವೆಲ್ಲವೂ ಸರಿಯಾಗಿವೆ. ಆದರೆ 690 ಪಂದ್ಯಗಳ ಲೆಕ್ಕವನ್ನು ಓದುಗನ ಮುಂದಿಟ್ಟು ಒಂದೇ ಒಂದು ಪಂದ್ಯವನ್ನೂ ತೋರಿಸದಿದ್ದರೆ, ಜಮಾ-ಖರ್ಚಿನ ಪುಸ್ತಕ ನೋಡಿದಂತಾಗುತ್ತದೆಯೇ ಹೊರತು ಅಂಗಡಿಯೊಳಗೆ ಕಾಲಿಟ್ಟಂತಾಗುವುದಿಲ್ಲ.

ನನ್ನ ಮುಖ್ಯ ತಕರಾರು ನಿಮ್ಮ ಎರಡನೆಯ ಪುಟದ ಒಂದು ವಾಕ್ಯದ ಮೇಲಿದೆ. ಅದನ್ನು ಇಲ್ಲಿ ಎತ್ತಿ ಬರೆಯುತ್ತೇನೆ: ‘1963ರಲ್ಲಿ ಇಂಡಿಯಾನಾಕ್ಕೆ ಬಂದ ಅವರು ಹತ್ತು ವರ್ಷಗಳ ಕಠಿಣ ತಪಸ್ಸಿನ ನಂತರ ತಂಡಕ್ಕೆ ಅಧಿಕೃತ ಮಾನ್ಯತೆ ದೊರಕಿಸಿಕೊಟ್ಟರು, ಅಲ್ಲಿಂದ ಮುಂದೆ ಅವರು ಹಿಂತಿರುಗಿ ನೋಡಲೇ ಇಲ್ಲ.’ ಲೇಖನದಲ್ಲಿ ಇರಬೇಕಾಗಿದ್ದ ಕಥೆಯೆಲ್ಲ ಈ ವಾಕ್ಯದ ‘ತಪಸ್ಸು’ ಎಂಬ ಒಂದು ಶಬ್ದದ ಕೆಳಗೆ ಹೂತುಹೋಗಿದೆ. ಆ ಹತ್ತು ವರ್ಷಗಳಲ್ಲಿ ತಂಡ ವಿಶ್ವವಿದ್ಯಾಲಯದ ಅಧಿಕೃತ ತಂಡವಾಗಿರಲಿಲ್ಲ. ಅದು ಕೇವಲ ವಿದ್ಯಾರ್ಥಿಗಳ ಕ್ಲಬ್ಬು. ಕ್ರೀಡಾ ವಿಭಾಗದ ಆಯವ್ಯಯದಲ್ಲಿ ಅದಕ್ಕೆ ಜಾಗವಿಲ್ಲ, ಆಟಗಾರನಿಗೆ ವಿದ್ಯಾರ್ಥಿವೇತನವಿಲ್ಲ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಪ್ರವೇಶವೂ ಇಲ್ಲ. ಯೇಗ್ಲಿ ಅವರು ದೈಹಿಕ ಶಿಕ್ಷಣದ ಪಾಠ ಹೇಳುತ್ತಾ, ಅದರ ಜೊತೆಗೆ ಈ ಕ್ಲಬ್ಬನ್ನೂ ನಡೆಸುತ್ತಿದ್ದರು. ಪೆನ್ಸಿಲ್ವೇನಿಯಾದ ಮೈಯರ್ಸ್‌ಟೌನ್ ಎಂಬ ಸಣ್ಣ ಊರಿನಿಂದ ಬಂದು, 1961ರಲ್ಲಿ ವೆಸ್ಟ್ ಚೆಸ್ಟರ್ ಕಾಲೇಜಿನ ತಂಡದಲ್ಲಿ ಆಡಿ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು ಅವರು. ಎರಡೇ ವರ್ಷಗಳ ಅನಂತರ, ಗೆದ್ದರೂ ಎಲ್ಲಿಗೂ ಹೋಗಲಾಗದ ತಂಡವೊಂದನ್ನು ಕಟ್ಟಲು ಕುಳಿತುಕೊಂಡರು. ಹೀಗೆ ಒಂದಲ್ಲ ಎರಡಲ್ಲ, ಹತ್ತು ವರ್ಷ! ಇದನ್ನು ತಪಸ್ಸು ಎಂದು ಕರೆದು ಮುಂದೆ ಸಾಗುವುದೆಂದರೆ ಓದುಗನ ಕಣ್ಣಿಗೆ ಬಟ್ಟೆ ಕಟ್ಟಿದಂತೆ.

ಆ ಕಾಲದ ಬ್ಲೂಮಿಂಗ್ಟನ್ ಹೇಗಿತ್ತೆಂದು ಹೇಳದೆ ಈ ಹತ್ತು ವರ್ಷಗಳ ತೂಕ ತಿಳಿಯುವುದಿಲ್ಲ. ಇಂಡಿಯಾನಾ ಎಂದರೆ ಬ್ಯಾಸ್ಕೆಟ್‌ಬಾಲ್‌ನ ನಾಡು. 1971ರಿಂದ ಬಾಬ್ ನೈಟ್ ಅವರು ಅದೇ ಆವರಣದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಆಗಿ, ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದು, ದೇಶಕ್ಕೆಲ್ಲ ಪರಿಚಿತರಾದರು. ಅದೇ ಆವರಣದಲ್ಲಿದ್ದು ಅದರ ಎರಡರಷ್ಟು ಪ್ರಶಸ್ತಿ ಗೆದ್ದವರ ಹೆಸರು ನಮ್ಮ ಓದುಗರಿಗಿರಲಿ, ಬಹುಪಾಲು ಅಮೆರಿಕನ್ನರಿಗೂ ತಿಳಿದಿರಲಾರದು. ಇನ್ನು ಕಾಲೇಜು ಫುಟ್‌ಬಾಲ್‌ನ ನಿಜವಾದ ರಾಜಧಾನಿ ಆಗ ಪಕ್ಕದ ರಾಜ್ಯದಾಚೆಗಿನ ಸೇಂಟ್ ಲೂಯಿಸ್. ಅಲ್ಲಿನ ಕ್ಯಾಥೊಲಿಕ್ ಚರ್ಚುಗಳ ಕೇರಿಕೇರಿಯ ಲೀಗುಗಳಲ್ಲಿ ಹುಡುಗರು ಚಿಕ್ಕಂದಿನಿಂದಲೇ ಚೆಂಡು ಒದ್ದು ಬೆಳೆಯುತ್ತಿದ್ದರು. 1959ರಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಚಾಂಪಿಯನ್‌ಷಿಪ್ ಆರಂಭವಾದಾಗಿನಿಂದ 1973ರವರೆಗೆ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ ಹತ್ತು ಪ್ರಶಸ್ತಿ ಗೆದ್ದಿತು. ಆ ಹತ್ತನೆಯದೇ ಅದರ ಕೊನೆಯದು. ಇಂಡಿಯಾನಾದ ಕ್ಲಬ್ಬು ಅಧಿಕೃತ ತಂಡವಾದದ್ದೂ ಅದೇ 1973ರಲ್ಲಿ. ಮುಂದೆ ಸೇಂಟ್ ಲೂಯಿಸ್‌ನ ಹುಡುಗರು ಬ್ಲೂಮಿಂಗ್ಟನ್‌ಗೆ ಬರತೊಡಗಿದರು. ಒಂದು ಮನೆಯ ದೀಪ ಸಣ್ಣಗಾಗುತ್ತಿದ್ದಾಗ ಇನ್ನೊಂದು ಮನೆಯಲ್ಲಿ ದೀಪ ಹಚ್ಚಿದ ಈ ಸಂದರ್ಭ ನಿಮ್ಮ ಲೇಖನದಲ್ಲಿ ಎಲ್ಲಿಯೂ ಕಾಣುವುದಿಲ್ಲ.

‘ಹಿಂತಿರುಗಿ ನೋಡಲೇ ಇಲ್ಲ’ ಎಂಬುದಂತೂ ಸುಳ್ಳು. ಸಿದ್ಧವಾಗಿ ಸಿಗುವ ನುಡಿಗಟ್ಟುಗಳ ಅಪಾಯವೇ ಇದು. ಕೈಗೆ ಸುಲಭವಾಗಿ ಬರುತ್ತವೆ, ನಿಜವನ್ನು ಮುಚ್ಚಿಬಿಡುತ್ತವೆ. ಅಧಿಕೃತ ತಂಡವಾಗಿ ಮೂರು ವರ್ಷ ತುಂಬಿದ ಮೇಲೆ, 1976ರಲ್ಲಿ ಇಂಡಿಯಾನಾ ಫೈನಲ್ ತಲುಪಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಎದುರು ಸೋತಿತು. 1978ರಲ್ಲಿ ಅದೇ ತಂಡದ ಎದುರು ಮತ್ತೆ ಸೋಲು. 1980ರಲ್ಲಿ ಹೆಚ್ಚುವರಿ ಅವಧಿಯಲ್ಲಿ 4–3ರಿಂದ ಮತ್ತೊಮ್ಮೆ ಸೋಲು, ಅದೂ ಅದೇ ತಂಡದ ಎದುರು. ಮೂರು ಸಲವೂ ಎದುರು ಬೆಂಚಿನಲ್ಲಿದ್ದವರು ಸ್ಟೀವ್ ನೆಗೋಯೆಸ್ಕೊ ಎಂಬ ಒಬ್ಬರೇ ಕೋಚ್. 1978ರ ಪ್ರಶಸ್ತಿಯನ್ನು ಎನ್‌ಸಿಎಎ ಆಮೇಲೆ ರದ್ದುಮಾಡಿತು, ಆದರೆ ರದ್ದಾದ ಪ್ರಶಸ್ತಿ ಸೋತವರ ಕೈಗೇನೂ ಬರಲಿಲ್ಲ. ಹದಿನೇಳು ವರ್ಷ ದುಡಿದ ಮೇಲೂ ಯೇಗ್ಲಿ ಅವರ ಕಪಾಟಿನಲ್ಲಿ ರಾಷ್ಟ್ರೀಯ ಪ್ರಶಸ್ತಿ ಇರಲಿಲ್ಲ. ಒಟ್ಟು ಹನ್ನೆರಡು ಫೈನಲ್‌ಗಳಲ್ಲಿ ಅವರು ಗೆದ್ದದ್ದು ಆರು, ಸೋತದ್ದು ಆರು. ಗೆದ್ದ ಆರರ ವರ್ಷಗಳನ್ನು ದಪ್ಪಕ್ಷರದಲ್ಲಿ ಕೊಟ್ಟ ನೀವು ಸೋತ ಆರರ ಸುದ್ದಿಯನ್ನೇ ಎತ್ತಿಲ್ಲ.

ಹತ್ತಿರದಿಂದ ತೋರಿಸಬೇಕಾದ ಒಂದು ಪಂದ್ಯವಿದ್ದರೆ ಅದು 1982ರದು. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಎದುರು ನಡೆದ ಆ ಫೈನಲ್ ನಿಗದಿತ 90 ನಿಮಿಷಗಳಲ್ಲಿ ಮುಗಿಯಲಿಲ್ಲ. ಹೆಚ್ಚುವರಿ ಅವಧಿಗಳು ಒಂದಾದ ಮೇಲೊಂದರಂತೆ ಎಂಟರವರೆಗೆ ಹೋಗಿ, ಸುಮಾರು 159 ನಿಮಿಷಗಳ ಆಟದ ಬಳಿಕ ಇಂಡಿಯಾನಾ 2–1ರಿಂದ ಗೆದ್ದಿತು. ಎರಡೂ ಗೋಲು ಹೊಡೆದವರು ಗ್ರೆಗ್ ಥಾಂಪ್ಸನ್ ಎಂಬ ರಕ್ಷಣಾ ಆಟಗಾರ. ಇದಕ್ಕೂ ಮುಂಚಿನ ವರ್ಷ ತಂಡದಲ್ಲಿ ಹೊಂಡುರಾಸ್‌ನ ಅರ್ಮಾಂಡೊ ಬೆಟನ್‌ಕೋರ್ಟ್ ಇದ್ದರು. 1981ರಲ್ಲಿ ಅವರಿಗೆ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹರ್ಮನ್ ಟ್ರೋಫಿ ಸಿಕ್ಕಿತ್ತು. ಅಂಥ ಆಟಗಾರ ಇದ್ದಾಗ ಬಾರದ ಪ್ರಶಸ್ತಿ ಅವರು ಹೋದ ಮರುವರ್ಷ, ಗೋಲು ತಡೆಯುವ ಕೆಲಸದವನ ಕಾಲಿನಿಂದ ಬಂತು. ನೀವು ಇದನ್ನು ‘ರೋಚಕ ಪಂದ್ಯದಲ್ಲಿ ಡ್ಯೂಕ್ ತಂಡವನ್ನು ಮಣಿಸಿ’ ಎಂದು ಮುಗಿಸಿದ್ದೀರಿ. ರೋಚಕ ಎಂದು ಹೇಳಬೇಡಿ, ಎಂಟು ಅವಧಿಗಳನ್ನು ಎಣಿಸಿ. ಓದುಗ ತಾನಾಗಿಯೇ ಕುರ್ಚಿಯ ಅಂಚಿಗೆ ಬರುತ್ತಾನೆ.

ಇನ್ನು ನಮ್ಮ ಓದುಗನ ಬಗ್ಗೆ. ಕಾಲೇಜಿನ ಕೋಚ್ ಎಂದರೆ ಕನ್ನಡದ ಓದುಗನ ಕಣ್ಣ ಮುಂದೆ ಬರುವವರು ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು: ಕಬಡ್ಡಿ, ವಾಲಿಬಾಲ್, ಖೋ-ಖೋ, ಅಥ್ಲೆಟಿಕ್ಸ್ ಎಲ್ಲಕ್ಕೂ ಒಬ್ಬರೇ, ಅಂತರಕಾಲೇಜು ಪಂದ್ಯಾವಳಿಯ ಸುತ್ತೋಲೆ ಬಂದ ಮೇಲೆ ತಂಡ ಆರಿಸಿ, ಬಸ್ಸು ಗೊತ್ತುಮಾಡಿ, ಹುಡುಗರ ದಿನಭತ್ಯೆಗಾಗಿ ಕಚೇರಿಯಲ್ಲಿ ಗುಮಾಸ್ತರ ಮೇಜಿನ ಮುಂದೆ ನಿಲ್ಲುವವರು. (ನನ್ನ ಕಾಲೇಜಿನ ಅಂಥ ಮೇಷ್ಟ್ರೊಬ್ಬರು ಗೋಲಿನ ಬಲೆ ಇಲ್ಲದಿದ್ದಾಗ ವಾಲಿಬಾಲ್ ಬಲೆಯನ್ನೇ ಮಡಚಿ ಕಟ್ಟಿದ್ದು ಈಗಲೂ ನೆನಪಿದೆ.) ಅಮೆರಿಕದ ಮುಖ್ಯ ತರಬೇತುದಾರನ ವೃತ್ತಿ ಬೇರೆಯೇ ಬಗೆಯದು. ಅವನಿಗೆ ಒಂದೇ ಆಟ, ಒಂದೇ ತಂಡ. ಆಗಸ್ಟ್ ಕೊನೆಯಿಂದ ಡಿಸೆಂಬರ್‌ವರೆಗೆ ಪಂದ್ಯಗಳು; ಉಳಿದ ತಿಂಗಳುಗಳಲ್ಲಿ ಹೈಸ್ಕೂಲು ಮೈದಾನಗಳನ್ನು ಸುತ್ತಿ ಹುಡುಗರನ್ನು ಗುರುತಿಸುವುದು, ಅವರ ಮನೆಗೆ ಹೋಗಿ ತಂದೆತಾಯಿಯರ ಜೊತೆ ಮಾತನಾಡುವುದು, ಸೇರಿದ ಮೇಲೆ ಅವರ ಅಂಕಗಳು ಕುಸಿಯದಂತೆ ನೋಡಿಕೊಳ್ಳುವುದು. ಅಂಕ ಸಾಲದಿದ್ದರೆ ಆಡುವ ಅರ್ಹತೆಯೇ ಹೋಗುತ್ತದೆ. ಒಬ್ಬ ಆಟಗಾರ ತಂಡದಲ್ಲಿ ಆಡುವುದು ಸಾಮಾನ್ಯವಾಗಿ ನಾಲ್ಕು ಋತು ಮಾತ್ರ. ಪಳಗಿದವರು ಪ್ರತಿವರ್ಷ ಪದವಿ ಪಡೆದು ಹೊರಟುಹೋಗುತ್ತಾರೆ, ಕೋಚ್ ಪ್ರತಿವರ್ಷ ಮತ್ತೆ ಕಟ್ಟಬೇಕು.

ವಿದ್ಯಾರ್ಥಿವೇತನದ ಲೆಕ್ಕ ಇನ್ನೂ ಸೊಗಸಾದದ್ದು. ಯೇಗ್ಲಿ ಅವರ ಕೊನೆಯ ವರ್ಷಗಳಲ್ಲಿ ಪುರುಷರ ಫುಟ್‌ಬಾಲ್ ತಂಡವೊಂದಕ್ಕೆ ಎನ್‌ಸಿಎಎ ನಿಗದಿಪಡಿಸಿದ್ದ ಮಿತಿ 9.9 ಪೂರ್ಣ ವಿದ್ಯಾರ್ಥಿವೇತನಗಳು. ಮೈದಾನಕ್ಕಿಳಿಯುವ ಹನ್ನೊಂದು ಮಂದಿಗೂ ಅದು ಸಾಲುತ್ತಿರಲಿಲ್ಲ, ಬೆಂಚಿನಲ್ಲಿ ಇನ್ನೂ ಹತ್ತು ಹನ್ನೆರಡು ಮಂದಿ ಇರುತ್ತಿದ್ದರು. ಆದ್ದರಿಂದ ಕೋಚ್ ಒಬ್ಬನಿಗೆ ಅರ್ಧ, ಇನ್ನೊಬ್ಬನಿಗೆ ಕಾಲು, ಮತ್ತೊಬ್ಬನಿಗೆ ಪುಸ್ತಕದ ಖರ್ಚು ಮಾತ್ರ ಎಂದು, ಒಂದೇ ಪಾತ್ರೆಯ ಪಾಯಸವನ್ನು ಇಡೀ ಪಂಕ್ತಿಗೆ ಬಡಿಸಬೇಕಿತ್ತು. ನಿಮ್ಮ ಲೇಖನ ‘ಪ್ರತಿಭಾನ್ವೇಷಣೆಯಲ್ಲಿ ಅವರದು ಎತ್ತಿದ ಕೈ’ ಎನ್ನುತ್ತದೆ. ಆ ಕೈ ಬಡಿಸುತ್ತಿದ್ದ ಸೌಟು ಎಷ್ಟು ಚಿಕ್ಕದಿತ್ತೆಂದು ಹೇಳಿದ್ದರೆ ಆ ಹೊಗಳಿಕೆಯೇ ಬೇಕಾಗುತ್ತಿರಲಿಲ್ಲ.

ಒಂದು ದೊಡ್ಡ ತಪ್ಪನ್ನು ತಿದ್ದಲೇಬೇಕು. 2003ರಲ್ಲಿ ಯೇಗ್ಲಿ ನಿವೃತ್ತರಾದ ಕೂಡಲೇ ಮಗ ಟಾಡ್ ಯೇಗ್ಲಿ ಅಧಿಕಾರ ವಹಿಸಿಕೊಂಡರು ಎಂದು ಬರೆದಿದ್ದೀರಿ. ಹಾಗಲ್ಲ. ಅವರ ನಂತರ ಬಂದವರು, ಅವರ ಕೈಕೆಳಗೇ ಆಡಿ ಬಹುಕಾಲ ಅವರಿಗೇ ಸಹಾಯಕರಾಗಿದ್ದ ಮೈಕ್ ಫ್ರೈಟಾಗ್. 2004ರಲ್ಲಿ, ಅಂದರೆ ತಮ್ಮ ಮೊದಲ ಋತುವಿನಲ್ಲಿಯೇ, ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದು ಪ್ರಶಸ್ತಿಯನ್ನು ಉಳಿಸಿಕೊಂಡರು. ಟಾಡ್ ವಿಸ್ಕಾನ್ಸಿನ್‌ನಲ್ಲಿ ಒಂದು ಋತು ಕೋಚ್ ಆಗಿದ್ದು, 2010ರಲ್ಲಿ ಬ್ಲೂಮಿಂಗ್ಟನ್‌ಗೆ ಬಂದು, 2012ರಲ್ಲಿ ಗೆದ್ದರು. ನಡುವಿನ ಆರು ವರ್ಷಗಳನ್ನು ಅಳಿಸಿಹಾಕಿ ‘ತಂದೆಯ ಗದ್ದುಗೆಯನ್ನು ಮಗ ಏರಿದ’ ಎಂದರೆ ಕೇಳಲು ಚೆನ್ನ, ಆದರೆ ಅದರಿಂದ ಫ್ರೈಟಾಗ್ ಅವರಿಗೆ ಅನ್ಯಾಯ.

ತಂದೆ ಮಗನ ವಿಷಯ ಬೇಕೇ ಬೇಕೆಂದಿದ್ದರೆ ಅದಕ್ಕಿಂತ ಒಳ್ಳೆಯ ಸಂದರ್ಭ 1994ರಲ್ಲಿದೆ. ಟಾಡ್ ತಂದೆಯ ತಂಡದಲ್ಲಿ ನಾಲ್ಕು ವರ್ಷ ಆಡಿದರು; ನಾಲ್ಕನೆಯ ವರ್ಷದ ಕೊನೆಯ ಪಂದ್ಯವೇ ರಾಷ್ಟ್ರೀಯ ಫೈನಲ್. ಎದುರಿಗೆ ಬ್ರೂಸ್ ಅರೀನಾ ಅವರ ವರ್ಜೀನಿಯಾ ತಂಡ, ಅದಾಗಲೇ ಸತತ ಮೂರು ಪ್ರಶಸ್ತಿ ಗೆದ್ದದ್ದು. ಇಂಡಿಯಾನಾ 1–0ರಿಂದ ಸೋತಿತು. ಮಗನ ಕಾಲೇಜು ಆಟ ತಂದೆಯ ಎದುರಿಗೇ ಸೋಲಿನಲ್ಲಿ ಮುಗಿಯಿತು. ಇದೇ ಪಂದ್ಯ ಇನ್ನೊಂದು ಹೋಲಿಕೆಗೂ ಜಾಗ ಕೊಡುತ್ತದೆ. ಅರೀನಾ 1978ರಲ್ಲಿ ವರ್ಜೀನಿಯಾಕ್ಕೆ ಬಂದಾಗ ಫುಟ್‌ಬಾಲ್‌ನ ಮುಖ್ಯ ಕೋಚ್ ಆಗಿದ್ದುದರ ಜೊತೆಗೆ ಲಕ್ರಾಸ್ (ಬಲೆ ಕಟ್ಟಿದ ಕೋಲಿನಿಂದ ಚೆಂಡಾಡುವ ಆಟ) ತಂಡದ ಸಹಾಯಕ ಕೋಚ್ ಕೂಡ ಆಗಿದ್ದವರು. 1995ರ ಋತು ಮುಗಿದ ಮೇಲೆ ಕಾಲೇಜು ಬಿಟ್ಟು ಹೊಸ ವೃತ್ತಿಪರ ಲೀಗಿಗೆ ಹೋಗಿ, ಅಲ್ಲಿಂದ ಅಮೆರಿಕದ ರಾಷ್ಟ್ರೀಯ ತಂಡದ ಕೋಚ್ ಆಗಿ, 2002ರ ವಿಶ್ವಕಪ್‌ನಲ್ಲಿ ಕ್ವಾರ್ಟರ್‌ಫೈನಲ್ ತಲುಪಿಸಿದರು. ಯೇಗ್ಲಿ ಎಲ್ಲಿಗೂ ಹೋಗಲಿಲ್ಲ. ಅಲ್ಲಿಯೇ ಉಳಿದ ಒಬ್ಬರು, ಮೇಲೇರಿ ಹೋದ ಇನ್ನೊಬ್ಬರು; ಎರಡೂ ಈ ವೃತ್ತಿಯೊಳಗಿನ ದಾರಿಗಳೇ. ಇದಕ್ಕೆ ಒಂದು ಪ್ಯಾರಾ ಸಾಕು. ಅರೀನಾ ಲೇಖನವನ್ನೇ ಎತ್ತಿಕೊಂಡು ಹೋಗದಂತೆ ಎಚ್ಚರ ವಹಿಸಿ.

ಭಾಷೆಯ ಬಗ್ಗೆ ಎರಡು ಮಾತು. ‘ಅವರು ಅಪಾರವಾದ ತಾಳ್ಮೆಯನ್ನು ಹೊಂದಿದ್ದರು’, ‘ಅವರಿಂದ ತಂಡವು ಮುನ್ನಡೆಸಲ್ಪಟ್ಟಿತು’ ಎಂಬಂಥ ವಾಕ್ಯಗಳು ಕನ್ನಡದ ಲಿಪಿಯಲ್ಲಿವೆ, ಕನ್ನಡದಲ್ಲಿಲ್ಲ. ಅವರಿಗೆ ತಾಳ್ಮೆ ಇತ್ತು, ಅವರು ತಂಡವನ್ನು ನಡೆಸಿದರು. ಒಂದೇ ಪುಟದಲ್ಲಿ ‘ಸಾಕರ್’, ‘ಫುಟ್‌ಬಾಲ್’, ‘ಕಾಲ್ಚೆಂಡು’ ಮೂರನ್ನೂ ಬಳಸಿದ್ದೀರಿ. ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಬೇರೆ ಆಟವೆಂದೂ ಅಲ್ಲಿ ಇದನ್ನು ಸಾಕರ್ ಎನ್ನುತ್ತಾರೆಂದೂ ಮೊದಲಿಗೇ ಒಮ್ಮೆ ಹೇಳಿ, ಆಮೇಲೆ ನಮ್ಮವರು ಕರೆಯುವಂತೆ ಫುಟ್‌ಬಾಲ್ ಎಂದೇ ಮುಂದುವರಿಸಿ.

ಕೊನೆಗೆ, ನೀವು ಎಲ್ಲಕ್ಕಿಂತ ಚೆನ್ನಾಗಿ ಬರೆದ ಜಾಗ. ಏಳನೆಯ ಪುಟದಲ್ಲಿ, ಬಿಲ್ ಆರ್ಮ್‌ಸ್ಟ್ರಾಂಗ್ ಕ್ರೀಡಾಂಗಣದಲ್ಲಿ ನೀವು ನೋಡಿದ ಒಂದು ಸಂಜೆಯ ಪಂದ್ಯವಿದೆ. ಮೈದಾನದ ಸುತ್ತ, ಊರಿನ ಪ್ರಸಿದ್ಧ ‘ಲಿಟಲ್ 500’ ಸೈಕಲ್ ಓಟಕ್ಕಾಗಿ ಹಾಕಿದ, ಸುಟ್ಟ ಕಲ್ಲಿದ್ದಲಿನ ಕಿಟ್ಟದ ಪಥ. ಹೊರಬಿದ್ದ ಚೆಂಡು ಅದರ ಮೇಲೆ ಉರುಳಿ ಬಂದಾಗ, ಎತ್ತಿಕೊಟ್ಟ ನಿಮ್ಮ ಬೆರಳುಗಳಿಗೆ ಮೆತ್ತಿದ ಕಪ್ಪು ಪುಡಿ. ಅದನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದಾಗ ಪಕ್ಕದ ವೃದ್ಧರು ‘ಮೊದಲ ಸಲ ಬಂದಿರಾ?’ ಎಂದು ಕೇಳಿದ್ದು. ಲೇಖನವನ್ನು ಇಲ್ಲಿಂದ ಆರಂಭಿಸಿ. ಆ ಪುಡಿ ಕೈಯಲ್ಲಿರುವಾಗಲೇ 1963ಕ್ಕೆ ಹಿಂದೆ ಹೋಗಿ, ಕ್ಲಬ್ಬಿನ ಹತ್ತು ವರ್ಷಗಳಿಗೆ ಲೇಖನದ ಮೂರನೆಯ ಒಂದು ಭಾಗವನ್ನಾದರೂ ಕೊಡಿ. 1983ರಿಂದ 1999ರವರೆಗಿನ ಗೆಲುವುಗಳನ್ನು ನಾಲ್ಕೈದು ವಾಕ್ಯಗಳಲ್ಲಿ ದಾಟಿಸಬಹುದು. ನಿವೃತ್ತಿಯನ್ನು ಮೊದಲೇ ಘೋಷಿಸಿ ಆಡಿದ 2003ರ ಋತುವಿನಲ್ಲಿ, ಆರಂಭದಲ್ಲಿ ಎಡವಿದ ತಂಡ ಕೊಲಂಬಸ್‌ನಲ್ಲಿ ಸೇಂಟ್ ಜಾನ್ಸ್ ಎದುರು 2–1ರಿಂದ ಗೆದ್ದು ಅವರನ್ನು ಬೀಳ್ಕೊಟ್ಟ ಕಥೆಗೆ ಅಲಂಕಾರ ಬೇಡ, ನಡೆದಂತೆ ಹೇಳಿದರೆ ಸಾಕು.

ಪರಿಷ್ಕರಿಸಿದ ಪ್ರತಿ ಎರಡು ಸಾವಿರ ಪದಗಳನ್ನು ಮೀರದಿರಲಿ, ಮುಂದಿನ ತಿಂಗಳ ಹತ್ತನೆಯ ತಾರೀಖಿನೊಳಗೆ ತಲುಪಲಿ. ಈ ಸಲ ದಯವಿಟ್ಟು ಯೂನಿಕೋಡ್‌ನಲ್ಲಿಯೇ ಕಳುಹಿಸಿ. ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ ನಿಮ್ಮ ಕಡತವನ್ನು ಬದಲಾಯಿಸುವಾಗ ಅರ್ಕಾವತ್ತುಗಳೆಲ್ಲ ಚದುರಿಹೋಗಿ, ಜೆರ್ರಿ ಯೇಗ್ಲಿ ಅವರ ಹೆಸರನ್ನೇ ನಮ್ಮ ಕರಡು ತಿದ್ದುವವರು ಹನ್ನೊಂದು ಕಡೆ ಕೈಯಾರೆ ಸರಿಪಡಿಸಬೇಕಾಯಿತು.

ಇತಿ,
ಸಂಪಾದಕ