ಚಾಪ್ಲಿನ್ ಅವರಿಗೆ ಕಲೆ ಬಂದದ್ದು ಎಲ್ಲಿಂದ?

ಪ್ರಶ್ನೆ: ಬಡತನವನ್ನೂ ತಾಯಿಯ ಮಾನಸಿಕ ಕಾಯಿಲೆಯನ್ನೂ ಉಂಡದ್ದರಿಂದಲೇ ಚಾರ್ಲಿ ಚಾಪ್ಲಿನ್ ಅಷ್ಟು ದೊಡ್ಡ ಚಲನಚಿತ್ರ ಕಲಾವಿದರಾದರು ಎನ್ನುತ್ತಾರೆ. ತಾವು ಇದನ್ನು ಒಪ್ಪುತ್ತೀರಾ?

ಉತ್ತರ: ಒಪ್ಪುವುದಿಲ್ಲ. ಬಡತನ ಅವರಿಂದ ಕಿತ್ತುಕೊಂಡದ್ದೇ ಹೆಚ್ಚು. 1889ರಲ್ಲಿ ಹುಟ್ಟಿದ ಚಾಪ್ಲಿನ್‌ಗೆ ಏಳು ವರ್ಷವಾಗಿದ್ದಾಗ, ಕುಡಿತಕ್ಕೆ ಬಿದ್ದಿದ್ದ ತಂದೆ ಬೇರೆಯಾಗಿ ಬಾಳುತ್ತಿದ್ದುದರಿಂದ, ಹೊಲಿಗೆಯ ಪುಡಿಗಾಸಿನಲ್ಲಿ ಸಂಸಾರ ತೂಗಿಸಲಾರದ ತಾಯಿ ಹ್ಯಾನಾ ಇಬ್ಬರು ಗಂಡುಮಕ್ಕಳೊಂದಿಗೆ ಲಂಡನ್ನಿನ ಲ್ಯಾಂಬೆತ್‌ನಲ್ಲಿದ್ದ ನಿರ್ಗತಿಕರ ಆಶ್ರಯಾಲಯವನ್ನು ಸೇರಬೇಕಾಯಿತು. ಅಲ್ಲಿ ತಾಯಿಯನ್ನೂ ಮಕ್ಕಳನ್ನೂ ಬೇರ್ಪಡಿಸಿದರು. ಮುಂದೆ ಹ್ಯಾನ್‌ವೆಲ್‌ನ ಬಡಮಕ್ಕಳ ಶಾಲೆಯಲ್ಲಿ ಹುಳಕಡ್ಡಿ ತಗುಲಿದ ಹುಡುಗನ ತಲೆ ಬೋಳಿಸಿ, ಅಯೋಡಿನ್ ಬಳಿದು, ಉಳಿದವರಿಂದ ದೂರವಿರಿಸಿದರು. ಇದರಲ್ಲಿ ಕಲೆಗೆ ಒದಗುವಂಥದ್ದು ಏನಿದೆ?

1903ರಲ್ಲಿ, ಹದಿನಾಲ್ಕರ ಚಾಪ್ಲಿನ್ ಒಂದು ದಿನ ಮನೆಗೆ ಬಂದಾಗ, ತಾಯಿ ಬೀದಿಯ ಮಕ್ಕಳಿಗೆ ಕಲ್ಲಿದ್ದಲಿನ ಚೂರುಗಳನ್ನು ಹುಟ್ಟುಹಬ್ಬದ ಉಡುಗೊರೆಯೆಂದು ಹಂಚಿದ್ದಳು. ಅಣ್ಣ ಸಿಡ್ನಿ ಹಡಗಿನ ಕೆಲಸದಲ್ಲಿ ದೂರವಿದ್ದ. ನಿತ್ರಾಣದಿಂದ ತೂರಾಡುತ್ತಿದ್ದ ಆಕೆಯನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋದದ್ದು ಈ ಹುಡುಗನೇ; ಹೊಟ್ಟೆಗಿಲ್ಲದೆಯೂ ಹೀಗಾಗಿದೆ ಎಂದು ವೈದ್ಯರು ಹೇಳಿದರು. ಅಂದು ಮಧ್ಯಾಹ್ನ ಒಂದು ಕಪ್ ಚಹಾ ಕೊಟ್ಟಿದ್ದರೆ ತಾನು ಸರಿಹೋಗುತ್ತಿದ್ದೆ ಎಂದು ಆಕೆ ಅನಂತರ ಮಗನಿಗೆ ಹೇಳಿದ್ದನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಈ ಮಾತನ್ನು ಓದಿದ ಮೇಲೆ, ಸಂಕಟವೇ ಅವರ ಗುರು ಎಂದು ಹೇಳಲು ನನಗೆ ನಾಲಗೆ ಏಳುವುದಿಲ್ಲ.

ಅವರ ಗುರು ಹ್ಯಾನಾ. ಒಂದು ಕಾಲಕ್ಕೆ ರಂಗದ ಗಾಯಕಿಯಾಗಿದ್ದ ಆಕೆ, ಆರೋಗ್ಯವಾಗಿದ್ದ ದಿನಗಳಲ್ಲಿ ಕಿಟಕಿಯ ಬಳಿ ಕುಳಿತು, ಬೀದಿಯಲ್ಲಿ ಹೋಗುವವರ ನಡಿಗೆ, ಮುಖಭಾವಗಳನ್ನು ಮಕ್ಕಳಿಗೆ ಅಭಿನಯಿಸಿ ತೋರಿಸುತ್ತಿದ್ದಳು. ಮನುಷ್ಯರನ್ನು ಗಮನಿಸುವುದನ್ನು ಕಲಿತದ್ದು ಆಕೆಯಿಂದಲೇ ಎಂದು ಚಾಪ್ಲಿನ್ ಸ್ವತಃ ಹೇಳಿಕೊಂಡಿದ್ದಾರೆ. ಕೈಹಿಡಿದವನು ಸಿಡ್ನಿ: ಫ್ರೆಡ್ ಕಾರ್ನೋ ಅವರ ಹಾಸ್ಯ ತಂಡದಲ್ಲಿದ್ದ ಅವನು 1908ರಲ್ಲಿ ತಮ್ಮನಿಗೂ ಅಲ್ಲಿ ಅವಕಾಶ ಕೊಡಿಸಿದ. ಅದೇ ತಂಡದೊಂದಿಗೆ ಅಮೆರಿಕೆಗೆ ಹೋದ ಚಾಪ್ಲಿನ್ 1914ರಲ್ಲಿ ತೆರೆಗೆ ಬಂದರು.

ಬಾಲ್ಯದ ನೋವು ಚಿತ್ರಗಳಲ್ಲಿ ಇಲ್ಲವೆಂದಲ್ಲ. 1921ರ ‘ದಿ ಕಿಡ್’ನಲ್ಲಿ ಅಧಿಕಾರಿಗಳು ಮಗುವನ್ನು ಅಲೆಮಾರಿಯಿಂದ ಎಳೆದು ವಾಹನಕ್ಕೆ ಹಾಕುವ ದೃಶ್ಯವನ್ನು ನೋಡಿ. ಆದರೆ ಅದನ್ನು ಅಭಿನಯಿಸುವ ಹೊತ್ತಿಗೆ ಅವರ ಬೆನ್ನಿಗೆ ವರ್ಷಗಳ ರಂಗ ಪಳಗುವಿಕೆಯಿತ್ತು. ಅದೇ ವರ್ಷ ತಾಯಿಯನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡು, ಮನೆ ಮಾಡಿ, ದಾದಿಯರನ್ನಿಟ್ಟು, 1928ರಲ್ಲಿ ಆಕೆ ತೀರಿಕೊಳ್ಳುವವರೆಗೂ ನೋಡಿಕೊಂಡರು. ಹಾಗಿದ್ದೂ ಆಕೆಯನ್ನು ಆ ಸ್ಥಿತಿಯಲ್ಲಿ ಕಾಣುವುದು ಅವರಿಗೆ ಕೊನೆಯವರೆಗೂ ಕಷ್ಟವೇ ಆಗಿತ್ತು.