ಹಾಸಿಗೆಗೆ ಮಾತ್ರ ನೀರು ಸುರಿಯಬೇಡಿ

ಅಜ್ಜಿ ಮಲಗುವ ಫೋಮ್ ಹಾಸಿಗೆಯಲ್ಲಿ ಮೂತ್ರದ ಕಲೆ, ವಾಸನೆ. ಅಂಗಳಕ್ಕೆ ಹಾಕಿ ತೊಳೆಯಲಾ, ಬ್ಲೀಚಿಂಗ್ ಪೌಡರ್ ಹಾಕಲಾ, ಹೊಸದೇ ತರಲಾ ಅಂತ ಕೇಳಿದ್ದೀರಿ. "ತೊಳೆಯಲಾ" ಅನ್ನೋದನ್ನ ಓದಿದ ಕೂಡಲೇ ಕೆಲಸ ಬಿಟ್ಟು ಇದನ್ನ ಬರೆಯೋಕೆ ಕೂತೆ. ದಯವಿಟ್ಟು ತೊಳೆಯಬೇಡಿ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಒಂದು ಹಳ್ಳಿ. ಅಪ್ಪಯ್ಯನಿಗೆ ಮಂಡಿ ನೋವು, ನೆಲದ ಮೇಲೆ ಮಲಗಿದರೆ ಏಳೋಕೆ ಆಗ್ತಿರಲಿಲ್ಲ. ಅದಕ್ಕೇ ಮಂಚ ಮಾಡಿಸಿ, 6 ಇಂಚಿನ ಫೋಮ್ ಹಾಸಿಗೆ ತಂದಿದ್ದೆವು. ಜುಲೈ ತಿಂಗಳು, ಪುನರ್ವಸು ಮಳೆ ಬಿಡದೆ ಹೊಯ್ತಿತ್ತು. ಒಂದು ಬೆಳಗ್ಗೆ ಹಾಸಿಗೆ ಒದ್ದೆಯಾಗಿತ್ತು. ಅಪ್ಪಯ್ಯ ಏನೂ ಹೇಳದೆ ಅದರ ಮೇಲೆ ಕಂಬಳಿ ಮುಚ್ಚಿ ಜಗಲಿಗೆ ಹೋಗಿ ಕೂತಿದ್ದರು. ನನಗೆ ಗೊತ್ತಾಗಿದ್ದು ಮಧ್ಯಾಹ್ನ.

ಆಗ ಮಾಡಿದ ತಪ್ಪನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಮಾಡೋದು ಇದನ್ನೇ. ಬಚ್ಚಲ ಹಂಡೆಯಿಂದ ಎರಡು ಬಕೆಟ್ ಬಿಸಿನೀರು ತಂದು, ಬಟ್ಟೆ ಸೋಪಿನ ಪುಡಿ ಕಲಸಿ ಹಾಸಿಗೆ ಮೇಲೆ ಹೊಯ್ದು, ಬ್ರಷ್ ಹಾಕಿ ಉಜ್ಜಿದೆ. ಮೇಲಿನ ಬಟ್ಟೆ ಬೆಳ್ಳಗಾಯ್ತು, ಸಮಾಧಾನವೂ ಆಯ್ತು. ಆದರೆ ಫೋಮ್ ಅಂದ್ರೆ ಸ್ಪಂಜು. ಮೇಲಿನ ಒಂದೆರಡು ಇಂಚಿನಲ್ಲಿದ್ದ ಮೂತ್ರವನ್ನ ನಾನು ಹೊಯ್ದ ನೀರೇ ಆರು ಇಂಚು ಕೆಳಗಿಳಿಸಿತು. ಸೋಪಿನ ನೊರೆ ತೆಗೆಯೋಕೆ ಮತ್ತೆರಡು ಬಕೆಟ್ ತಣ್ಣೀರು ಹೊಯ್ದೆ, ನೊರೆ ಮುಗಿಯಲೇ ಇಲ್ಲ. ಆಮೇಲೆ ಅದನ್ನ ಎತ್ತೋಕೆ ಮೂರು ಜನ ಬೇಕಾಯ್ತು. ಬಟ್ಟೆಯಾದರೆ ಹಿಂಡಬಹುದು, ಹಾಸಿಗೆಯನ್ನ ಹಿಂಡೋಕೆ ಬರಲ್ಲ. ಬಿಸಿಲು ಇಲ್ಲ, ಗಾಳಿಯಲ್ಲೇ ನೀರು. ಬಚ್ಚಲ ಒಲೆ ಹತ್ತಿರ ನಿಲ್ಲಿಸಿದರೆ ಹೊಗೆ ವಾಸನೆಯೂ ಸೇರಿತು. ಐದನೇ ದಿನ ಮಗುಚಿ ನೋಡಿದೆ. ಕೆಳಗಡೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ: ಬೂಷ್ಟು. ಮೂತ್ರದ ವಾಸನೆಯ ಜೊತೆಗೆ ಮುಗ್ಗಲು ವಾಸನೆ. ಆ ಹಾಸಿಗೆ ಹೋಯ್ತು. ಅದನ್ನ ಹಾಳು ಮಾಡಿದ್ದು ಮೂತ್ರ ಅಲ್ಲ, ನಾನು ಹೊಯ್ದ ನಾಲ್ಕು ಬಕೆಟ್ ನೀರು.

ಹಳೇ ಹತ್ತಿ ಹಾಸಿಗೆಯನ್ನೂ ನಮ್ಮ ಮನೆಯಲ್ಲಿ ಯಾರೂ ನೀರಿಗೆ ಹಾಕ್ತಿರಲಿಲ್ಲ. ಹೊಲಿಗೆ ಬಿಚ್ಚಿ ಚೀಲ ಮಾತ್ರ ಒಗೆದು, ಹತ್ತಿ ಬಿಸಿಲಿಗೆ ಹಾಕಿ, ಹಿಂಜುವವರ ಕೈಲಿ ಹಿಂಜಿಸಿ ಮತ್ತೆ ತುಂಬಿಸ್ತಿದ್ದರು. ಇದನ್ನ ಕಣ್ಣಾರೆ ಕಂಡೂ ನನಗೆ ಹೊಳೆಯಲಿಲ್ಲ.

ಎರಡನೇ ಹಾಸಿಗೆ ಹದಿನೈದು ದಿನಕ್ಕೇ ಒದ್ದೆಯಾಯ್ತು. ಈ ಸಲ ಒಣ ಟವೆಲ್ ನಾಲ್ಕು ಮಡಿಕೆ ಮಾಡಿ ಕಲೆಯ ಮೇಲಿಟ್ಟು, ಹಿಮ್ಮಡಿ ಊರಿ ನಿಂತೆ. ತೆಗೆದಾಗ ಟವೆಲ್ಲಿನ ನಾಲ್ಕೂ ಮಡಿಕೆಗೆ ಹಳದಿ ಇಳಿದಿತ್ತು. ಟವೆಲ್ ಒಣಗೇ ಬರುವ ತನಕ ಬದಲಾಯಿಸ್ತಾ ಒತ್ತಿದೆ, ಐದು ಟವೆಲ್ ಬೇಕಾಯ್ತು. ಅರ್ಧ ಕೆಲಸ ಇಲ್ಲೇ ಮುಗಿಯುತ್ತೆ. ಉಜ್ಜಬೇಡಿ, ಒತ್ತಿ.

ಆಮೇಲೆ ಬಿಳಿ ವಿನೆಗರ್‌ಗೆ ಸಮ ನೀರು ಬೆರೆಸಿ ಸ್ಪ್ರೇ ಬಾಟಲಿಯಲ್ಲಿ, ಕೈಯಿಟ್ಟರೆ ತೇವ ತಾಗುವಷ್ಟು ಮಾತ್ರ ಸಿಂಪಡಿಸಿ. ಮೂತ್ರದ ಯೂರಿಯಾವನ್ನ ಬ್ಯಾಕ್ಟೀರಿಯಾ ಅಮೋನಿಯಾ ಮಾಡುತ್ತವೆ, ಮೂಗಿಗೆ ಹೊಡೆಯೋದು ಅದು. ವಿನೆಗರ್‌ನ ಹುಳಿ ಅದನ್ನ ಮುರಿಯುತ್ತೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಟವೆಲ್ ಒತ್ತಿ, ಅಡುಗೆ ಸೋಡಾವನ್ನ ಕಲೆ ಕಾಣದ ಹಾಗೆ ಹರಡಿ. 100 ಗ್ರಾಮಿನ ಎರಡು ಪ್ಯಾಕೆಟ್ ಬೇಕಾಗಬಹುದು. ಎಂಟು-ಹತ್ತು ಗಂಟೆ ಬಿಟ್ಟು ಮೆತ್ತನೆ ಪೊರಕೆಯಲ್ಲಿ ಗುಡಿಸಿ. ಹಾಸಿಗೆಯನ್ನ ಅಡ್ಡಲಾಗಿ ನಿಲ್ಲಿಸಿ, ಎರಡೂ ಬದಿಗೆ ತಾಗುವ ಹಾಗೆ ಟೇಬಲ್ ಫ್ಯಾನ್ ಹಾಕಿ. ಎಳೆಬಿಸಿಲು ಸಿಕ್ಕರೆ ಒಂದೆರಡು ಗಂಟೆ ಸಾಕು. ದಿನಗಟ್ಟಲೆ ಬಿಸಿಲಿಗಿಟ್ಟರೆ ಫೋಮ್ ಹಳದಿಯಾಗಿ ಪುಡಿಯಾಗುತ್ತೆ.

ನಿಮ್ಮದು ಹಳೇ ಕಲೆ ಅಂತೀರಿ. ಮಳೆಗಾಲ ಬಂದ ಹಾಗೆ ವಾಸನೆ ಮತ್ತೆ ಏಳುತ್ತಿದ್ದರೆ ಅದು ಯೂರಿಕ್ ಆಮ್ಲದ ಹರಳು, ನೀರಿಗೆ ಕರಗೋದು ಬಲು ಕಡಿಮೆ. ಅದಕ್ಕೆ ನಾಯಿ-ಬೆಕ್ಕಿನ ಸಾಮಾನು ಮಾರುವ ಅಂಗಡಿಯ ಎಂಜೈಮ್ ಸ್ಪ್ರೇ ಸರಿ. ಬಾಟಲಿ ಮೇಲೆ ಬರೆದಷ್ಟು ಹೊತ್ತು ತೇವ ಇರಲಿ, ಅದರ ಜೊತೆ ವಿನೆಗರ್ ಬೆರೆಸಬೇಡಿ. ರಕ್ತದ ಕಲೆಯಾದರೆ ತಣ್ಣೀರು ಅದ್ದಿದ ಬಟ್ಟೆಯಲ್ಲೇ ಒತ್ತಿ ತೆಗೀರಿ. ಬಿಸಿನೀರು ತಾಗಿದರೆ ಕಲೆ ಕೂತುಬಿಡುತ್ತೆ.

ಬ್ಲೀಚಿಂಗ್ ಪೌಡರ್ ಖಂಡಿತ ಬೇಡ. ಅದರ ಕ್ಲೋರಿನ್ ಮೂತ್ರದ ಅಮೋನಿಯಾ ಜೊತೆ ಸೇರಿದರೆ ಉಸಿರು ಕಟ್ಟಿಸುವ ವಿಷದ ಅನಿಲ ಬರುತ್ತೆ, ಅದೂ ವಯಸ್ಸಾದವರು ಮಲಗುವ ಕೋಣೆಯಲ್ಲಿ.

ಇನ್ನು ಕಲೆ ಪೂರ್ತಿ ಹೋಗಲೇಬೇಕು ಅನ್ನೋ ಹಟ ಯಾಕೆ? ವಾಸನೆ ಹೋದರೆ ಸಾಕು, ಕಲೆಯ ಮೇಲೆ ಹೇಗೂ ದುಪ್ಪಟಿ ಬರುತ್ತೆ. ನಮ್ಮ ಹಾಸಿಗೆಯಲ್ಲಿ ಅಂಗೈಯಷ್ಟು ಹಳದಿ ಈಗಲೂ ಇದೆ. ನೋಡಲೇಬೇಕಾಗಿದ್ದು ಬೇರೆ ಇತ್ತು, ನಾನು ತಡವಾಗಿ ನೋಡಿದೆ. ಎರಡನೇ ಸಲ ಆದಮೇಲೆ ಅಪ್ಪಯ್ಯ ಚಾಪೆ ಬಿಡಿಸಿ ನೆಲದ ಮೇಲೆ ಮಲಗಿದರು. "ನಾನು ಕೆಳಗೇ ಇರ್ತೀನಿ ಬಿಡೇ, ನಿಂಗೆ ಸುಮ್ನೆ ರಗಳೆ" ಅಂದರು. ಆ ಮಂಡಿ ಇಟ್ಟುಕೊಂಡು! ನನ್ನ ಉಜ್ಜಾಟ, ಗೊಣಗಾಟ ಎಲ್ಲಾ ಅವರ ಕಿವಿಗೆ ಬಿದ್ದಿತ್ತು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಗೊತ್ತಾಯ್ತು, ಬಿಪಿಗೆ ಕೊಟ್ಟಿದ್ದ ಒಂದು ಮಾತ್ರೆ ಮೂತ್ರ ಹೆಚ್ಚಿಸುವಂಥದ್ದು, ಅವರು ಅದನ್ನ ರಾತ್ರಿ ಊಟ ಆದಮೇಲೆ ನುಂಗ್ತಿದ್ದರು. ಡಾಕ್ಟರು ಬೆಳಗ್ಗೆಗೆ ಬದಲಾಯಿಸಿದರು. ಆಮೇಲೆ ಹಾಸಿಗೆ ಒದ್ದೆಯಾಗಿದ್ದು ಒಂದೇ ಸಲ, ಅಷ್ಟರಲ್ಲಿ ರಬ್ಬರ್ ಶೀಟ್ ಹಾಸಿ ಮೇಲೆ ಹಳೇ ಪಂಚೆ ಮಡಚಿ ಹಾಕಿದ್ದೆ. ಅಜ್ಜಿಗೆ ಇದು ಇತ್ತೀಚೆಗೆ ಶುರುವಾಗಿದ್ದರೆ ನೀವೂ ಮೊದಲು ತೋರಿಸಿ: ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮಾತ್ರೆ, ಏನು ಬೇಕಾದರೂ ಇರಬಹುದು.

ಹೊಸದು ತರೋದು ಆಮೇಲಿನ ಮಾತು. ಹಾಸಿಗೆ ಮಗುಚಿ ಕೆಳಬದಿಗೆ ಮೂಗಿಟ್ಟು ನೋಡಿ. ಬೂಷ್ಟು ಕಂಡರೆ ಅಥವಾ ಮುಗ್ಗಲು ವಾಸನೆ ಬಂದರೆ ತೆಗೆದುಬಿಡಿ. ಇಲ್ಲದಿದ್ದರೆ ಇವತ್ತೇ ಒಣ ಟವೆಲ್‌ನಿಂದ ಶುರು ಮಾಡಿ, ಅಜ್ಜಿ ಜಗಲಿಯಲ್ಲಿ ಕೂತಿರುವ ಹೊತ್ತಿನಲ್ಲಿ.